ನನ್ನದಲ್ಲದ ಲೇಬಲ್

ದತ್ತಣ್ಣಾ,

ಕೋಪರಿಯ ಪ್ರೆಸ್ಸಿಗೆ ನಾನು ಲೇಬಲ್ ಡಿಸೈನಿನ ಕೆಲಸಕ್ಕೆ ಬಂದ ಮೊದಲ ದಿನ ನೀವು ನನ್ನ ಬಿ.ಎ. ಸರ್ಟಿಫಿಕೇಟನ್ನು ನೋಡಲೇ ಇಲ್ಲ. ಕೆಮ್ಮಿನ ಸಿರಪ್ಪಿನ ಲೇಬಲ್ ಒಂದನ್ನು ಮುಂದಿಟ್ಟು, "ಇದ್ರಲ್ಲಿ ಎಂತ ತಪ್ಪುಂಟು, ಹೇಳು ನೋಡುವ" ಎಂದಿರಿ. ಬಣ್ಣ ಸರಿಯಿಲ್ಲ ಎಂದೆ. ನೀವು ನಕ್ಕಿರಿ. "ಎಷ್ಟು ಚಮಚ ಕುಡಿಸ್ಬೇಕು ಅಂತ ಬರ್ದದ್ದು ಓದ್ಲಿಕ್ಕೆ ಆಗ್ತದಾ ಮಾರಾಯ್ತಿ? ಮಗುವಿಗೆ ಜ್ವರ ಬಂದ ಮನೆಯಲ್ಲಿ ಬಣ್ಣ ಯಾರು ನೋಡ್ತಾರೆ?" ಏಳು ವರ್ಷ ನಿಮ್ಮ ಪಕ್ಕ ಕೂತು ಕಲಿತದ್ದೆಲ್ಲ ಅಲ್ಲಿಂದಲೇ ಶುರುವಾದದ್ದು. ಡಿಸೈನಿನಲ್ಲಿ ಮಾಸ್ಟರ್ಸ್ ಮಾಡಲೇ ಎಂದು ಕೇಳಿದಾಗಲೆಲ್ಲ, "ಡಿಗ್ರಿ ಬಂದು ಅಕ್ಷರ ಬರೀತದಾ?" ಎಂದು ಮಾತು ಮುಗಿಸುತ್ತಿದ್ದಿರಿ. ನಾನೂ ನಂಬಿದ್ದೆ.

ಆ ಮೀಟಿಂಗ್ ನೆನಪಿದೆಯಲ್ಲ? ಅದೇ ಲೇಬಲ್ಲಿನ ಅಕ್ಷರ ದೊಡ್ಡದಾಗಬೇಕೆಂದು ನೀವು ಮಾಲೀಕರಿಗೆ ಮೂರು ಸಲ ಹೇಳಿದ್ದಿರಿ. ಮೂರು ಸಲವೂ ಅವರದು ಒಂದೇ ಮಾತು: "ಚಲ್ತಾ ಹೈ, ದತ್ತಾಜಿ", ನಡೀತದೆ ಬಿಡಿ ಅಂತ. ಆಮೇಲೆ ಔಷಧಿ ಕಂಪನಿಯಿಂದ ಮಾಸ್ಟರ್ಸ್ ಮಾಡಿದ ಹುಡುಗನೊಬ್ಬ ಬಂದು ಅದನ್ನೇ ಇಂಗ್ಲಿಷಿನಲ್ಲಿ, ನಾಲ್ಕು ಸ್ಲೈಡ್ ಹಾಕಿ ಹೇಳಿದ. ಮಾಲೀಕರು ಎದ್ದು ನಿಂತು ಕೈ ಕುಲುಕಿದರು. ನನಗೆ ಮೈಯೆಲ್ಲ ಉರಿಯಿತು. ನೀವು ಮಾತ್ರ, "ಅವ ಹೇಳಿದ್ದು ಸರಿಯೇ ಉಂಟಲ್ಲ. ಅಕ್ಷರ ದೊಡ್ಡ ಆಯ್ತು, ಸಾಕು" ಎಂದಿರಿ. ಸಾಕಾಗಿತ್ತೇ ದತ್ತಣ್ಣ? ಅವತ್ತು ನೀವು ಊಟದ ಡಬ್ಬಿ ತೆರೆಯಲಿಲ್ಲ. ಆ ವಾರವೇ ನಾನು ಮಾಸ್ಟರ್ಸಿಗೆ ಅರ್ಜಿ ಹಾಕಿದೆ. ನಿಮಗೆ ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತಿರುವಾಗಲೇ ನಿಮ್ಮ ಎದೆನೋವು, ಆಸ್ಪತ್ರೆ, ಮತ್ತೆ...

ಸಂದರ್ಶನಕ್ಕೆ ಕರೆ ಬಂದ ದಿನ ಡೊಂಬಿವಲಿಯ ಮನೆಯಲ್ಲಿ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: "ಇಪ್ಪತ್ತೊಂಬತ್ತಾತು ನಿನಗ. ಇದ್ದ ನೌಕರಿ ಬಿಟ್ಟು ಮತ್ತ ಸಾಲಿಗೆ ಹೊಂಟೀಯೇನು? ಓದಿದ ಮ್ಯಾಲೆ ಇದಕ್ಕಿಂತ ಚಲೋ ನೌಕರಿ ಸಿಗತದಂತ ಯಾರರ ಬರದು ಕೊಟ್ಟಾರೇನು?" ನನಗೂ ಅದೇ ಅಳುಕು. ಮಾಲೀಕರು ನಿಮ್ಮ ಜಾಗವನ್ನೇ ನನಗೆ ಕೊಡುತ್ತೇನೆ ಎಂದಿದ್ದರು. ಎರಡು ವರ್ಷ ಕೆಲಸ ಬಿಟ್ಟರೆ ಪಳಗಿದ ಕೈ ಹಾಗೇ ಇರುತ್ತದೆಯೇ? ನನಗಿಂತ ಏಳೆಂಟು ವರ್ಷ ಚಿಕ್ಕವರ ನಡುವೆ ಕೂತು...

ಠಾಣೆಯಲ್ಲಿ ಗಾಡಿ ಬದಲಿಸಿ ನವಿ ಮುಂಬಯಿಯ ಡಿಸೈನ್ ಕಾಲೇಜು ಮುಟ್ಟಿದೆ. ಸಂದರ್ಶನಕ್ಕೆ ಮೂವರು ಕೂತಿದ್ದರು. ನಡುವೆ ಕೂತ ಮೇಡಂ ನಾನು ಒಯ್ದಿದ್ದ ನಮ್ಮ ಸಿರಪ್ಪಿನ ಹಳೆಯ ಲೇಬಲ್, ಹೊಸ ಲೇಬಲ್ ಎರಡನ್ನೂ ಎತ್ತಿ ಹಿಡಿದು, ಅಕ್ಷರ ದೊಡ್ಡದು ಮಾಡಬೇಕೆಂದು ಮೊದಲು ಯಾರಿಗೆ ಹೊಳೆಯಿತು ಎಂದು ಕೇಳಿದರು.

"ನನಗೆ" ಎಂದೆ.

ಬಾಯಿಂದ ಬಂದೇಬಿಟ್ಟಿತು ದತ್ತಣ್ಣ. ಹತ್ತನೇ ಕ್ಲಾಸು ದಾಟದ ನಿಮ್ಮ ಹೆಸರು ಹೇಳಿದರೆ ನನ್ನ ಬೆಲೆ ಇಳಿದೀತೆಂದು ಹೆದರಿದೆನೇ? ಸ್ಲೈಡ್ ಹಾಕಿದ ಆ ಹುಡುಗನಿಗಾದರೂ ನೀವು ಅದನ್ನು ಮೊದಲೇ ಹೇಳಿದ್ದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಸೀಟು ಸಿಕ್ಕಿದೆ ಎಂದು ಬಂದ ಮೇಲನ್ನು ಮೂರು ದಿನ ಅವ್ವನಿಗೂ ತೋರಿಸಲಿಲ್ಲ. ನಾಲ್ಕನೆಯ ದಿನ ರಜೆ ಹಾಕಿ ಹೋಗಿ ಮೇಡಂ ಎದುರು ನಿಂತು ಎಲ್ಲ ಹೇಳಿದೆ. ಸೀಟು ಹೋದರೆ ಹೋಗಲಿ ಎನ್ನುವ ಧೈರ್ಯವೇನೂ ಇರಲಿಲ್ಲ. "ಝೂಟ್ ಬೋಲಾ, ಗಲತ್ ಕಿಯಾ" ಎಂದರು ಅವರು, ಸುಳ್ಳು ಹೇಳಿ ತಪ್ಪು ಮಾಡಿದೆ ಅಂತ. ಸೀಟು ಹೋಯಿತು ಅಂದುಕೊಂಡೆ. ಅಷ್ಟರಲ್ಲಿ, "ಅವರನ್ನೊಮ್ಮೆ ಕ್ಲಾಸಿಗೆ ಕರೆದುಕೊಂಡು ಬಾ. ನಮ್ಮ ಮಕ್ಕಳು ಅವರ ಮಾತು ಕೇಳಲಿ" ಎಂದರು.

ನೀವು ತೀರಿಹೋದಿರಿ ಎಂದೆ. "ಹಾಗಾದರೆ ಅವರ ಬದಲು ನೀನೇ ಹೇಳು" ಎಂದರು.

ಸೋಮವಾರ ಮೊದಲ ಕ್ಲಾಸು. ಪ್ರೆಸ್ಸಿಗೆ ರಾಜೀನಾಮೆ ಕೊಟ್ಟಾಯಿತು. ಈ ಡಿಗ್ರಿ ನನ್ನನ್ನು ಎಲ್ಲಿಗೆ ಮುಟ್ಟಿಸುತ್ತದೋ ಈಗಲೂ ಗೊತ್ತಿಲ್ಲ. ಆದರೆ ಆ ಮೊದಲ ಕ್ಲಾಸಿನಲ್ಲಿ ನಿಮ್ಮ ಬಗ್ಗೆ ಮಾತಾಡಲು ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ನಿಮ್ಮ ಪೂರ್ತಿ ಹೆಸರು ಹೇಳಿಯೇ ಶುರು ಮಾಡುತ್ತೇನೆ.

ನಿಮ್ಮ
ರೇಣುಕಾ