ಎಂಟನೇ ತರಗತಿಯ ಹುಡುಗಿಗೆ ಮಂಜೂರಾದ ಅಳತೆ

ಶಾಲಾ ಸಮವಸ್ತ್ರ ವಿಭಾಗದ ಮಾನ್ಯ ಮೇಲಧಿಕಾರಿಗಳೇ,

ಎಂಟನೇ ತರಗತಿಯ ಹುಡುಗಿಯೊಬ್ಬಳು ತಮ್ಮ ಅನುಮತಿಯಿಲ್ಲದೆ ಬೆಳೆದುಬಿಟ್ಟಿದ್ದಾಳೆ. ತಪ್ಪೊಪ್ಪಿಗೆ ಬರೆದುಕೊಡಲು ಅವಳಿಗೆ ಧೈರ್ಯವಿಲ್ಲ. ಆದ್ದರಿಂದ ಅವಳ ದೊಡ್ಡಮ್ಮನೂ, ಹನ್ನೊಂದು ವರ್ಷಗಳಿಂದ ತಮ್ಮ ವಿಭಾಗಕ್ಕೆ ಅಂಗಿ ಹೊಲಿದುಕೊಡುತ್ತಿರುವ ಟೈಲರೂ ಆದ ನಾನು ಬರೆಯುತ್ತಿದ್ದೇನೆ. ಊರೆಲ್ಲ ಓದುವ ಹಾಗೆ ಪತ್ರಿಕೆಯಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಕಳೆದ ವಾರ ತಮ್ಮ ಕಚೇರಿಗೆ ಕೊಟ್ಟ ಮೂರು ಅರ್ಜಿಗಳಿಗೆ ‘ಸ್ವೀಕರಿಸಲಾಗಿದೆ’ ಎಂಬ ಮುದ್ರೆ ಬಿಟ್ಟರೆ ಬೇರೇನೂ ಸಿಗಲಿಲ್ಲ.

ಈ ವರ್ಷ ತಾವು ನಮ್ಮಂಥ ಹೊಲಿಗೆಯವರಿಗೆ ಒಂದು ಅಳತೆ ಪಟ್ಟಿ ಕಳುಹಿಸಿದಿರಿ. ಮಕ್ಕಳನ್ನು ಒಬ್ಬೊಬ್ಬರಾಗಿ ಅಳೆಯುವುದು ವೃಥಾ ಕಾಲಹರಣ, ತರಗತಿ ನೋಡಿ ಕತ್ತರಿಸಿ ಎಂದಿರಿ. ಎಂಥ ಪಟ್ಟಿ ಅದು! ತಮ್ಮ ಪ್ರಕಾರ ಹುಡುಗಿಯರು ವರ್ಷಕ್ಕೆ ಎದೆಯ ಸುತ್ತ ಒಂದು ಇಂಚು, ಸೊಂಟದ ಸುತ್ತ ಅರ್ಧ ಇಂಚು ಬೆಳೆಯುತ್ತಾರೆ. ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಡಿಮೆಯಿಲ್ಲ. ಕಣ್ಣುಜ್ಜಿಕೊಂಡು ಪಕ್ಕದ ಕಾಲಂ ನೋಡಿದೆ. ಹುಡುಗರಿಗೂ ಅವೇ ಅಂಕಿಗಳು! ಒಂದು ಕಾಲಂ ಬರೆದು, ಅದನ್ನೇ ನಕಲು ಮಾಡಿ, ತಲೆಬರಹ ಮಾತ್ರ ಬದಲಿಸಿದ ಆ ಗುಮಾಸ್ತರ ಶ್ರಮಕ್ಕೆ ದೊಡ್ಡ ನಮಸ್ಕಾರ. ಆದರೆ ಹುಡುಗಿಯರ ಮೈಗೆ ಈ ಸುತ್ತೋಲೆಯ ಪ್ರತಿ ತಲುಪಿದ ಹಾಗಿಲ್ಲ. ಅದು ತನ್ನ ಪಾಡಿಗೆ ಒಬ್ಬಳನ್ನು ಹತ್ತಕ್ಕೇ ಬೆಳೆಸುತ್ತದೆ, ಇನ್ನೊಬ್ಬಳನ್ನು ಹದಿನಾಲ್ಕರವರೆಗೂ ಕಾಯಿಸುತ್ತದೆ. ಮೊದಲು ಕೈಕಾಲು ಉದ್ದ ಮಾಡಿ, ಆಮೇಲೆ ನಿಧಾನವಾಗಿ ಸೊಂಟದ ಕಡೆ ಗಮನ ಕೊಡುತ್ತದೆ. ಶಿಸ್ತೇ ಇಲ್ಲ. ಅದಕ್ಕೊಂದು ನೋಟಿಸ್ ಕಳುಹಿಸಬಾರದೇ?

ನನ್ನ ತಂಗಿಯ ಮಗಳನ್ನು ಮನೆಯಲ್ಲಿ ಎಲ್ಲರೂ ‘ಕಡ್ಡಿ’ ಎನ್ನುತ್ತಿದ್ದೆವು. ಹದಿಮೂರು ತುಂಬುವಷ್ಟರಲ್ಲಿ ಆ ಹೆಸರೂ ಅವಳಿಗೆ ಬಿಗಿಯಾಯಿತು. ಅವಳಿಗೆ ಮೊದಲ ಅಂಗಿ ಹೊಲಿದವಳು ನಾನು. ಅವಳು ಬಾಗಿಲಲ್ಲಿ ಬಂದು ನಿಂತರೆ ಟೇಪು ಹಿಡಿಯದೆಯೇ ಅಳತೆ ಹೇಳಬಲ್ಲೆ. ಆದರೂ ಈ ಸಲ ನಾನೂರು ಜೊತೆ ಬಟ್ಟೆಯ ರಾಶಿಯಲ್ಲಿ ಅವಳದನ್ನೂ ತಮ್ಮ ಪಟ್ಟಿ ನೋಡಿಯೇ ಕತ್ತರಿಸಿದೆ. ಹಿಡಿಸುವುದಿಲ್ಲ ಎಂದು ಕಣ್ಣು ಹೇಳುತ್ತಲೇ ಇತ್ತು, ಕೈ ಮಾತ್ರ ಕಚೇರಿಯ ಕಾಗದಕ್ಕೆ ಹೆದರಿತು. ನನಗೆ ಅದರ ಬಗ್ಗೆ ನಾಚಿಕೆಯಿದೆ. ತಮ್ಮನ್ನು ಬಯ್ಯುವ ಮೊದಲು ನನ್ನನ್ನು ಬಯ್ದುಕೊಂಡೇ ಕೂತಿದ್ದೇನೆ.

ತಪಾಸಣೆಯ ದಿನ ಅವಳ ಅಂಗಿಯ ಗುಂಡಿಗಳು ಎಳೆದು ನಿಂತದ್ದನ್ನು ತಮ್ಮ ಪರಿವೀಕ್ಷಕಿ ಕಂಡುಹಿಡಿದರು. ಇಡೀ ತರಗತಿಯ ಎದುರು ಅವಳ ಬ್ಯಾಗಿಗೆ ಒಂದು ಚೀಟಿಯನ್ನು ಪಿನ್ನಿನಿಂದ ಚುಚ್ಚಿದರು: ‘ವಿದ್ಯಾರ್ಥಿನಿಯು ನಿಗದಿತ ಅಳತೆಗೆ ಹೊಂದುತ್ತಿಲ್ಲ. ಸರಿಪಡಿಸಿ ಕಳುಹಿಸುವುದು.’ ಹೇಗೆ ಸರಿಪಡಿಸುವುದು, ಹೇಳಿ? ಕತ್ತರಿ ನನ್ನ ಬಳಿ ಇದೆ, ಆದರೆ ಅದು ಬಟ್ಟೆಗೆ.

ಹುಡುಗಿ ಮಾತ್ರ ತಮ್ಮ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸಿದಳು. ಸೆಕೆಯಲ್ಲೂ ಸ್ವೆಟರ್ ಹಾಕಿಕೊಂಡಳು, ಬೆನ್ನು ಬಾಗಿಸಿ ನಡೆದಳು, ತಟ್ಟೆಯಲ್ಲಿ ಅರ್ಧ ಬಿಟ್ಟು ಏಳತೊಡಗಿದಳು. ಅವಳಮ್ಮ, ಅಂದರೆ ನನ್ನ ತಂಗಿ, ಸಮಾಧಾನ ಹೇಳಲು ಹೋಗಿ, “ಸ್ವಲ್ಪ ದಿನ ಕಮ್ಮಿ ತಿನ್ನು, ಅಂಗಿ ತಾನಾಗೇ ಹಿಡಿಸತ್ತೆ” ಅಂದುಬಿಟ್ಟಳು. ಮರುದಿನದಿಂದ ಅವಳು ಶಾಲೆಗೆ ಹೋಗುವುದೂ ಬಂದ್. ಇವತ್ತಿಗೆ ಒಂಬತ್ತು ದಿನ.

ಮೊನ್ನೆ ಅವಳನ್ನು ಅಂಗಡಿಗೆ ಕರೆಸಿ, ಶಟರ್ ಅರ್ಧ ಎಳೆದು, ಸ್ಟೂಲಿನ ಮೇಲೆ ಕೂರಿಸಿದೆ.

“ದೊಡ್ಡಮ್ಮ, ನಂಗೇನೋ ಆಗಿದೆ. ಎಲ್ರೂ ಸರಿಯಾಗೇ ಇದಾರೆ, ನಾನೊಬ್ಳೇ ಹೀಗೆ,” ಎಂದಳು.

ನಾನು ಉಪದೇಶ ಮಾಡಲಿಲ್ಲ, ನನಗದು ಬರುವುದೂ ಇಲ್ಲ. ಇಪ್ಪತ್ತಾರು ವರ್ಷಗಳ ಅಳತೆ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿ, ಹೆಸರುಗಳ ಮೇಲೆ ರಟ್ಟು ಮುಚ್ಚಿ, ಅಂಕಿಗಳನ್ನಷ್ಟೇ ತೋರಿಸಿದೆ. ಒಂದೇ ತರಗತಿಯ ಹುಡುಗಿಯರು: ಒಬ್ಬಳ ಸೊಂಟ ಇಪ್ಪತ್ತೆರಡು, ಮುಂದಿನ ಸಾಲಿನವಳದು ಮೂವತ್ತು. ಒಬ್ಬಳ ಬಲಭುಜ ಎಡಕ್ಕಿಂತ ಕೆಳಗೆ. ಒಬ್ಬಳಿಗೆ ಒಂದೇ ವರ್ಷದಲ್ಲಿ ಮೂರು ಸಲ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟಿದ್ದೆ. ಇನ್ನೊಬ್ಬಳು ಆರನೇ ತರಗತಿಯ ಅಂಗಿಯನ್ನು ಒಂಬತ್ತರಲ್ಲೂ ಹಾಕಿಕೊಂಡು, ‘ನಾನು ಯಾವಾಗ ಬೆಳೆಯೋದು’ ಎಂದು ನನ್ನೆದುರೇ ಅತ್ತಿದ್ದಳು.

ಕಡ್ಡಿ ಬೆರಳಿಟ್ಟು ಸಾಲು ಸಾಲಾಗಿ ಓದಿದಳು. “ಇವ್ರಲ್ಲಿ ಸರಿಯಾದ ಅಳತೆ ಯಾರ್ದು?”

“ಎಲ್ಲಾರ್ದೂ ಸರೀನೇ ಕಣೇ. ತಪ್ಪಿದ್ರೆ ನನ್ನ ಕತ್ತರೀದು.”

“ಎರಡೂ ಕಡೆ ಒಂದೇ ಸಮ ಇಲ್ದಿದ್ರೆ?”

“ಯಾರಿಗಿದೆ? ಅದಕ್ಕೇ ಎರಡೂ ಕಡೆ ಬೇರೆ ಬೇರೆ ಅಳೀತೀನಿ.”

“ಕಮ್ಮಿ ತಿಂದ್ರೆ ಮೊದಲಿನ ಹಾಗೆ ಆಗಲ್ವಾ?”

“ಕಮ್ಮಿ ತಿಂದ್ರೆ ತಲೆ ತಿರುಗತ್ತೆ ಅಷ್ಟೇ. ಈ ವಯಸ್ಸಲ್ಲಿ ಮೈ ತುಂಬ್ಕೊಳ್ಳೋದೇ ಅದರ ಕೆಲಸ. ನಿಮ್ಮಮ್ಮಂಗೂ ಹೇಳಿದೀನಿ, ಬಯ್ದೇ ಹೇಳಿದೀನಿ.”

“ಮತ್ತೆ ಈ ಮೊಡವೆ?”

“ಅದಕ್ಕೆ ನನ್ನ ಹತ್ರ ಟೇಪಿಲ್ಲಮ್ಮ.”

ಅವಳು ನಕ್ಕಳು. ಎಷ್ಟು ದಿನದ ಮೇಲೆ! ನನಗೆ ಅಳು ಬಂದು, ಸೂಜಿಗೆ ದಾರ ಪೋಣಿಸುವವಳ ಹಾಗೆ ತಲೆ ತಗ್ಗಿಸಿಕೊಂಡೆ.

ಇಷ್ಟು ಚೆಂದದ ಪದ್ಧತಿ ಮಕ್ಕಳಿಗೆ ಮಾತ್ರ ಯಾಕೆ? ತಮ್ಮ ಕಚೇರಿಗೂ ಒಂದು ಪಟ್ಟಿ ಮಾಡಿಕೊಡಲು ಸಿದ್ಧಳಿದ್ದೇನೆ. ಗುಮಾಸ್ತರ ಹೊಟ್ಟೆ ಮೂವತ್ತು ಇಂಚು, ಮೇಲ್ವಿಚಾರಕರದು ಮೂವತ್ತೊಂದು, ತಮ್ಮದು, ಹುದ್ದೆಯ ಘನತೆಗೆ ತಕ್ಕಂತೆ, ಮೂವತ್ತೆರಡು. ಬಡ್ತಿಗೊಂದು ಇಂಚು. ಮೀರಿದವರ ಬೆನ್ನಿಗೆ ಚೀಟಿ ಚುಚ್ಚಿ, ಸರಿಪಡಿಸಿಕೊಂಡು ಬನ್ನಿ ಎಂದು ಮನೆಗೆ ಕಳುಹಿಸೋಣ. ಸಂಜೆ ಬಾಗಿಲು ಹಾಕಲು ಕಚೇರಿಯಲ್ಲಿ ಒಬ್ಬರಾದರೂ ಉಳಿದಾರೆಯೇ? ತಮಗೆ ನಗು ಬಂದಿರಬಹುದು. ಹದಿಮೂರರ ಹುಡುಗಿಗೆ ಬರಲಿಲ್ಲ.

ಪಟ್ಟಿಯನ್ನು ಹಿಂದಕ್ಕೆ ಪಡೆಯಿರಿ. ಹುಡುಗಿಯರನ್ನು ಒಬ್ಬೊಬ್ಬರಾಗಿ, ಪರದೆಯ ಹಿಂದೆ, ಹೆಂಗಸರೇ ಅಳೆಯಲಿ. ಅಂಕಿ ಗಟ್ಟಿಯಾಗಿ ಓದಬೇಕಾಗಿಲ್ಲ. ಹೊಲಿಗೆಯ ಒಳಗೆ ಎರಡಿಂಚು ಬಟ್ಟೆ ಬಿಡಲು ಅಪ್ಪಣೆಯಾಗಲಿ. ಬೆಳೆಯುವ ಮಕ್ಕಳಿಗೆಂದು ನಾವು ಮೊದಲಿನಿಂದಲೂ ಬಿಡುತ್ತಿದ್ದೆವು, ಬಟ್ಟೆ ಉಳಿಸುವ ನೆಪದಲ್ಲಿ ನಿಲ್ಲಿಸಿದವರು ತಾವು. ಇನ್ನೊಂದು ಮಾತು. ಆ ದಿನ ಚೀಟಿ ಹೊತ್ತು ಮನೆಗೆ ಹೋದವರು ಒಟ್ಟು ಹದಿನೇಳು ಹುಡುಗಿಯರು. ಅವರಿಗೆ ತಲಾ ಒಂದು ಪತ್ರ ಬರೆಯಿರಿ. ಉದ್ದ ಬೇಡ. ‘ನೀನು ಸರಿಯಾಗಿಯೇ ಬೆಳೆಯುತ್ತಿದ್ದೀಯಮ್ಮ, ತಪ್ಪು ನಮ್ಮದು’ ಎಂದರೆ ಸಾಕು.

ಕಡ್ಡಿಗೆ ಹೊಸ ಅಂಗಿ ಹೊಲಿದಿದ್ದೇನೆ, ಅವಳ ಅಳತೆಗೆ. ಸೋಮವಾರ ಅದನ್ನು ಹಾಕಿಕೊಂಡು ಶಾಲೆಗೆ ಹೋಗುತ್ತೇನೆ ಎಂದಿದ್ದಾಳೆ. ಹೊರಡುವಾಗ ಮಾತ್ರ ತಿರುಗಿ ನಿಂತು, “ಮತ್ತೆ ಚೀಟಿ ಹಾಕಿದ್ರೆ?” ಎಂದು ಕೇಳಿದಳು. ಗೇಟಿನವರೆಗೆ ನಾನೂ ಬರುತ್ತೇನೆಂದು ಮಾತು ಕೊಟ್ಟಿದ್ದೇನೆ. ತಮ್ಮ ಪರಿವೀಕ್ಷಕಿಗೆ ದಯವಿಟ್ಟು ಹೇಳಿಡಿ: ಅಂದು ಪಿನ್ನು ಚುಚ್ಚಲೇಬೇಕೆನಿಸಿದರೆ ನನಗೆ ಚುಚ್ಚಲಿ, ಹುಡುಗಿಯನ್ನು ಒಳಗೆ ಬಿಡಲಿ.

ಇಂತಿ,
ಕಾಗದ ನೋಡಿ ಮಗುವನ್ನು ಮರೆತ,
ಬಹುಶಃ ನಾಳೆಯಿಂದ ತಮ್ಮ ಕೆಲಸವೂ ಇಲ್ಲದ
ಒಬ್ಬ ಟೈಲರ್ ದೊಡ್ಡಮ್ಮ