ನಮ್ಮ ಈರುಳ್ಳಿಯನ್ನು ನಾವೇ ಹೊಗಳುವುದು ಹೇಗೆ?

ಹಳೆಯ ಮಾರುಕಟ್ಟೆಗೆ ಮರುಜೀವ ಕೊಡಲೆಂದೇ ನೇಮಕಗೊಂಡ ಮಾನ್ಯ ಅಧಿಕಾರಿಗಳೇ,

ಜೀವ ಕೊಡಲು ಬಂದವರು ನಮ್ಮ ಬಾಯಿ ಕಟ್ಟಿದ್ದೀರಿ. ತಾವು ಅದನ್ನು ಬೇಗ ಬಿಚ್ಚದಿದ್ದರೆ ಈರುಳ್ಳಿ ಮಾರುವ ನಮ್ಮ ದೊಡ್ಡಮ್ಮನ ಮಳಿಗೆ ಕೈತಪ್ಪಿ ಹೋಗುತ್ತದೆ. ವ್ಯಾಪಾರವಾಗದ ಮಳಿಗೆಯನ್ನು ತಿಂಗಳ ಕೊನೆಗೆ ಬೇರೆಯವರಿಗೆ ಕೊಡಲಾಗುವುದೆಂದು ಬಾಗಿಲಲ್ಲಿ ಬರೆಸಿದವರು ತಾವೇ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಸೂರು ಸೋರುವುದಿಲ್ಲ, ಚರಂಡಿ ನಾರುವುದಿಲ್ಲ, ನೆಲ ಎಷ್ಟು ನುಣುಪೆಂದರೆ ಗಿರಾಕಿಗಳು ಜಾರಿಕೊಂಡೇ ಒಳಗೆ ಬರುತ್ತಾರೆ. ಗೋಡೆಯ ಮೇಲೆ ಮಾರುಕಟ್ಟೆಯ ಇತಿಹಾಸವನ್ನೂ ಕೆತ್ತಿಸಿದ್ದೀರಿ. ಅದರಲ್ಲಿ ಅಡಿಗಲ್ಲು ಇಟ್ಟವರಿದ್ದಾರೆ, ರಿಬ್ಬನ್ನು ಕತ್ತರಿಸಿದವರಿದ್ದಾರೆ. ತರಕಾರಿ ಮಾರಿದವರು ಮಾತ್ರ ಒಬ್ಬರೂ ಇಲ್ಲ. ಆದ್ದರಿಂದ ಕಲ್ಲಿಗೆ ಗೊತ್ತಿಲ್ಲದ ಕತೆಯನ್ನು ನಾನು ಹೇಳಬೇಕಾಗಿದೆ.

ಹಿಂದೆ ಇಲ್ಲಿ ಸೂರೇ ಇರಲಿಲ್ಲ. ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದರು. ಎಲ್ಲರೂ ತಂತಮ್ಮ ಮಾಲನ್ನು ತಾವೇ ಹೊಗಳಿ ಹೊಗಳಿ, ಕೊನೆಗೊಂದು ದಿನ ಬದನೆಕಾಯಿಯವನೂ ಕುಂಬಳಕಾಯಿಯವನೂ ಒಬ್ಬರ ಮೇಲೊಬ್ಬರು ಮಾಲನ್ನೇ ಎಸೆದಾಡಿಕೊಂಡರಂತೆ. ಯಾರಿಗೆ ಹೆಚ್ಚು ಪೆಟ್ಟಾಯಿತೆಂದು ಬೇರೆ ಹೇಳಬೇಕೆ? ಆಗ ಸೊಪ್ಪಿನ ಅಜ್ಜಿಯೊಬ್ಬಳು, "ಹೆತ್ತವರಿಗೆ ಹೆಗ್ಗಣ ಮುದ್ದು ಕಣ್ರೋ! ನಿಮ್ಮ ಹೆಗ್ಗಣಾನ ಪಕ್ಕದವರು ಹೊಗಳಲಿ, ಆಗ ಜನ ನಂಬ್ತಾರೆ" ಎಂದಳಂತೆ. ಅಂದಿನಿಂದ ಇಲ್ಲಿ ಯಾರೂ ತಮ್ಮ ಮಾಲನ್ನು ತಾವು ಕೂಗುವುದಿಲ್ಲ, ಪಕ್ಕದವರದ್ದನ್ನು ಕೂಗುತ್ತಾರೆ. ನಾನು ಮೊಟ್ಟೆಯವನು, ನನ್ನ ಪಕ್ಕದಲ್ಲಿ ದೊಡ್ಡಮ್ಮ ಕೂರುತ್ತಿದ್ದಳು. ಅವಳ ಈರುಳ್ಳಿಯನ್ನು ಹೊಗಳುತ್ತಾ ನಾನು ಹೆಚ್ಚದೆಯೇ ಕಣ್ಣೀರು ಸುರಿಸುತ್ತಿದ್ದೆ. ಅವಳೋ, "ಮರ್ಯಾದಸ್ಥ ಕೋಳಿಗಳಮ್ಮ ಇವು" ಎಂದು ನನ್ನ ಪರವಾಗಿ ಆಣೆ ಇಡುತ್ತಿದ್ದಳು.

ತಾವು ಬಂದಿರಿ. ಈರುಳ್ಳಿಯವರೆಲ್ಲ ಒಂದು ಸಾಲು, ಮೊಟ್ಟೆಯವರೆಲ್ಲ ಒಂದು ಸಾಲು ಎಂದು ಶಿಸ್ತು ಮಾಡಿದಿರಿ. ಈಗ ದೊಡ್ಡಮ್ಮನ ಪಕ್ಕ ಕೂತಿರುವವನು ಗುಂಡಣ್ಣ, ಅವನದೂ ಈರುಳ್ಳಿಯೇ. ಮೊದಲ ದಿನವೇ ಗಿರಾಕಿಯೊಬ್ಬಳು ಬಂದಳು.

"ಗುಂಡಣ್ಣನ ಹತ್ರ ತಗೊಳ್ಳಮ್ಮ, ಬಂಗಾರದಂಥ ಈರುಳ್ಳಿ" ಎಂದಳು ದೊಡ್ಡಮ್ಮ.

"ಅಯ್ಯೋ, ದೊಡ್ಡಮ್ಮನ ಮಾಲಿನ ಮುಂದೆ ನಂದ್ಯಾವ ಲೆಕ್ಕ? ಅಲ್ಲೇ ತಗೊಳ್ಳಿ ಅಕ್ಕಾ" ಎಂದ ಗುಂಡಣ್ಣ.

"ಇಬ್ರೂ ನಮ್ದು ಬೇಡ ಅಂತೀರಲ್ಲ, ಕೊಳೆತುಹೋಗಿದ್ಯಾ ಏನ್ ಕತೆ?" ಎಂದು ಆಕೆ ಬರಿಗೈಯಲ್ಲಿ ಹೊರಟೇಹೋದಳು.

ಇದು ದಿನವೂ ನಡೆಯುತ್ತಿದೆ. ಗುಂಡಣ್ಣನಿಗಾದರೆ ಹೋಟೆಲುಗಳ ಖಾಯಂ ವ್ಯಾಪಾರವಿದೆ. ದೊಡ್ಡಮ್ಮನಿಗೆ ಈ ಮಳಿಗೆ ಬಿಟ್ಟರೆ ಗತಿಯಿಲ್ಲ. ನಾನು ಮೊಟ್ಟೆ ಸಾಲಿನಿಂದಲೇ ಅವಳ ಈರುಳ್ಳಿ ಕೂಗಿ ನೋಡಿದೆ. ತಮ್ಮ ಕಾವಲುಗಾರ ಓಡಿ ಬಂದು, "ಬೇರೆ ಸಾಲಿನ ಮಾಲು ಕೂಗೋ ಹಾಗಿಲ್ಲ ಸ್ವಾಮಿ" ಎಂದ. ಕೊನೆಗೆ ಅವಳ ಹತ್ತಿರವೇ ಹೋಗಿ, "ನಿಂದನ್ನ ನೀನೇ ಹೊಗಳ್ಕೋ ದೊಡ್ಡಮ್ಮ, ಕಾಲ ಕೆಟ್ಟಿದೆ" ಎಂದೆ.

"ಕಾಲ ಕೆಟ್ರೆ ನಾನೂ ಕೆಡ್ಬೇಕೇನೋ? ಈ ಬಾಯಿಂದ ಅದಾಗಲ್ಲ. ಮಳಿಗೆ ಹೋದ್ರೆ ಹೋಗ್ಲಿ" ಎಂದು ಅವಳು ಖಾಲಿ ತಕ್ಕಡಿಯನ್ನು ಒರೆಸತೊಡಗಿದಳು.

ಅಧಿಕಾರಿಗಳೇ, ಒಂದೇ ಮಾಲಿನವರನ್ನು ಅಕ್ಕಪಕ್ಕ ಕೂರಿಸಿದರೆ ನೋಡಲು ಚೆಂದ, ನಿಜ. ಕಪಾಟಿನಲ್ಲಿ ಜೋಡಿಸಿಟ್ಟ ತಟ್ಟೆಗಳೂ ಚೆಂದ. ಅದರಿಂದ ಯಾರ ಹೊಟ್ಟೆ ತುಂಬಿದೆ? ತಿಂಗಳು ಮುಗಿಯುವ ಮೊದಲು ನಮ್ಮನ್ನು ಮತ್ತೆ ಬೆರೆಸಿ ಕೂರಿಸಿ. ಅದು ಆಗದಿದ್ದರೆ ತಾವೇ ಬಂದು ದೊಡ್ಡಮ್ಮನ ಪಕ್ಕ ನಿಂತು ಕೂಗಿ. ತಮ್ಮ ಕಂಠ ಗಟ್ಟಿಯಾಗಿದೆಯೆಂದು ಉದ್ಘಾಟನೆಯ ದಿನವೇ ಕೇಳಿದ್ದೇವೆ. ಅಂದು ತಾವು ತಮ್ಮನ್ನು ಹೊಗಳಿಕೊಂಡಿರಿ. ಪಕ್ಕದವರನ್ನು ಹೊಗಳುವುದನ್ನು ನಾವು ಕಲಿಸಿಕೊಡುತ್ತೇವೆ.

ಇಂತಿ,
ಇಷ್ಟುದ್ದ ಬರೆದರೂ ತನ್ನ ಮೊಟ್ಟೆಯ ಬಗ್ಗೆ ಒಂದು ಒಳ್ಳೆಯ ಮಾತು ಸೇರಿಸಲಾರದೆ ಕೈ ಕಟ್ಟಿ ಕೂತಿರುವ
ಮೊಟ್ಟೆಯವ