ಎಡತೋಳಿನ ಎರಡು ತಂತಿ

ಗುಂಡ್ಲುಪೇಟೆ
14-6-1998, ಭಾನುವಾರ

ಪ್ರೀತಿಯ ಶಾಂತಿ,

ನಾನು ಕ್ಷೇಮ. ಅಂದರೆ ಬೆಳಿಗ್ಗೆ ನೋಡಿದಾಗ ಸಕ್ಕರೆ ನೂರ ನಲವತ್ತು. ನಿನ್ನ ಕಾಗದ ಬಂದು ಎರಡು ವಾರವಾದರೂ ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ. ನನ್ನ ಕೋಪ ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ಹಾಗೆಯೇ ಬರೆಯುತ್ತಿದ್ದೇನೆ. ಚಾಮರಾಜನಗರ ಜಿಲ್ಲಾ ಕೇಂದ್ರವಾಯಿತಲ್ಲ, ನಿಮ್ಮ ಆಸ್ಪತ್ರೆಯ ಫ್ಯಾನು ಈಗಲಾದರೂ ತಿರುಗುತ್ತಿದೆಯೇ? ಉಮ್ಮತ್ತೂರಿನಲ್ಲಿ ನಿಮ್ಮಪ್ಪ ಚಿಕ್ಕಬಸವಯ್ಯನವರ ಮಂಡಿನೋವು ಹೇಗಿದೆ?

"ನಿಮ್ ಮೇಷ್ಟ್ರು ಕೇಳುದ್ರೆ ನನ್ನ ಹೆಸರು ಹೇಳ್ಬುಡು ಕಣೇ. ನಂಗೆ ಹೆಚ್ಚಂದ್ರೆ ಎಲ್ಲಿಗಾದ್ರೂ ವರ್ಗ ಮಾಡ್ತಾರೆ, ನಿಂಗೆ ಓದೇ ನಿಂತೋಯ್ತದೆ" ಎಂದು ಬರೆದಿದ್ದೀಯ. ಹೇಳುವುದಿಲ್ಲ. ಈ ಕಾಗದದ ಮುಖ್ಯ ಸುದ್ದಿ ಇಷ್ಟೇ.

ಸೋಮವಾರ ಮೈಸೂರಿಗೆ ಹೋಗಿದ್ದೆ. ಪ್ರಯೋಗಾಲಯದ ನಮ್ಮ ಮೇಷ್ಟ್ರು ಕರೆಸಿದ್ದರು. ನೀನು ನನ್ನ ತೋಳಿನಿಂದ ತೆಗೆದುಕೊಟ್ಟ ತಂತಿಯ ತುಂಡು ಅವರ ಮೇಜಿನ ಮೇಲೆ ಗಾಜಿನ ಬಟ್ಟಲಿನಲ್ಲಿತ್ತು. ಅದನ್ನು ನಾನು ಬಚ್ಚಿಟ್ಟಿರಲಿಲ್ಲ, ನಾನೇ ವರದಿ ಬರೆದು ಕೊಟ್ಟಿದ್ದೆ. ಫಲಿತಾಂಶ ಬಚ್ಚಿಡುವುದಾದರೆ ತೋಳು ಕೊಯ್ಯಿಸಿಕೊಂಡದ್ದೇಕೆ?

ನಮ್ಮ ತಂತಿಯ ಕಷ್ಟ ನಿನಗೆ ಗೊತ್ತು. ಚರ್ಮದೊಳಗೆ ಕೂತು ಸಕ್ಕರೆ ಅಳೆಯಬೇಕಾದದ್ದು ಇಲಿಯ ಮೈಯಲ್ಲಿ ವಾರ ಕಳೆಯುವುದರೊಳಗೆ ಸುಳ್ಳು ಹೇಳತೊಡಗುತ್ತದೆ. ತಂತಿ ಕೆಟ್ಟಿರುವುದಿಲ್ಲ. ಮೈ ಅದರ ಸುತ್ತ ನಾರಿನಂಥ ಗೋಡೆ ಕಟ್ಟಿ, ಸಕ್ಕರೆ ಅದರ ಹತ್ತಿರವೇ ಸುಳಿಯದಂತೆ ಮಾಡಿರುತ್ತದೆ. ಮೈ ಸುಮ್ಮನಿರಲಿ ಎಂದು ಉಳಿದವರು ಔಷಧಿ ಹುಡುಕುತ್ತಿದ್ದರು. ಮೈಯನ್ನು ಬಿಡಿ, ತಂತಿಯ ಹೊರಮೈ ಬದಲಾಯಿಸೋಣ ಎಂದು ನಾನು ಹೇಳಿದೆ. ತೂತುತೂತಾಗಿ, ನೀರು ಹಿಡಿದುಕೊಂಡು ಮೆತ್ತಗಿರುವ ಹೊದಿಕೆ. ಸಣ್ಣ ರಕ್ತನಾಳಗಳು ತಾವಾಗಿಯೇ ಅದರೊಳಕ್ಕೆ ಬೆಳೆಯಬೇಕು. ಇಲಿಗಳಲ್ಲಿ ಬೆಳೆದವು. ಆದರೂ ಮೇಷ್ಟ್ರು, "ಸಕ್ಕರೆ ಕಾಯಿಲೆಯವರ ಗಾಯವೇ ಬೇಗ ಮಾಯುವುದಿಲ್ಲ. ಅವರಿಗೆ ಇದೆಲ್ಲಿ ಒಗ್ಗುತ್ತದಮ್ಮ?" ಎಂದು ಕಡತ ಮುಚ್ಚಿದರು. ಅದೇ ಕಾಯಿಲೆಯವಳು ಎದುರಿಗೇ ಕೂತಿದ್ದೆ, ಒಂಬತ್ತನೇ ವಯಸ್ಸಿನಿಂದ ಸೂಜಿ ಚುಚ್ಚಿಸಿಕೊಂಡವಳು.

ಮಾರ್ಚಿನಲ್ಲಿ ನಿನ್ನ ಕ್ವಾರ್ಟರ್ಸಿಗೆ ಬಂದದ್ದು ಅದಕ್ಕೇ. ನೀನು ಕಣ್ಣೀರು ಹಾಕಿಕೊಂಡೇ ಕೈ ತೊಳೆದೆ. "ಸಕ್ಕರೆ ಮೈ ಕಣೇ ಇದು! ಕೀವಾದ್ರೆ ನಿನ್ನ ಕೈನೂ ಓಯ್ತದೆ, ನನ್ನ ಕೆಲ್ಸನೂ ಓಯ್ತದೆ." ಆದರೂ ನನ್ನ ಎಡತೋಳಿನೊಳಗೆ ಎರಡು ತುಂಡು ಇಟ್ಟು ಹೊಲಿದೆ. ಒಂದು ಬರಿಯ ತಂತಿ, ಇನ್ನೊಂದು ಹೊದಿಕೆಯದು.

ಬರಿಯದು ಹುಣಸೆಬೀಜದಷ್ಟು ಗಂಟಾಗಿ, ಮೇ ತಿಂಗಳಲ್ಲಿ ನೀನೇ ಇಲ್ಲಿಗೆ ಬಂದು ತೆಗೆಯಬೇಕಾಯಿತು. ಹೊದಿಕೆಯದು ಇನ್ನೂ ತೋಳಿನಲ್ಲೇ ಇದೆ. ಒತ್ತಿ ನೋಡಿದರೂ ಎಲ್ಲಿದೆಯೆಂದು ಸುಲಭಕ್ಕೆ ತಿಳಿಯುವುದಿಲ್ಲ. ಒಳಗೆ ಏನಾಗಿದೆ ಎಂಬುದು ತೆಗೆದ ಮೇಲೆಯೇ ಗೊತ್ತು.

ಮೇಷ್ಟ್ರು ಕೂಗಾಡಲಿಲ್ಲ. "ನಾಳೆ ಇನ್ನೊಬ್ಬಳು ಇದನ್ನೇ ಮಾಡಿ ಸತ್ತರೆ ಯಾರು ಹೊಣೆ?" ಎಂದು ಕೇಳಿದರು. ಅವರ ಮಾತು ಸರಿ. ತಪ್ಪು ನನ್ನ ಹೆಸರಿಗೆ ಬರೆದುಕೊಳ್ಳಿ ಎಂದೆ.

"ಹೊಲಿಗೆ ಹಾಕಿದವರು ಯಾರು?"

"ನಾನೇ ಸಾರ್."

"ಎಡತೋಳಿಗೆ, ಒಂದೇ ಕೈಯಲ್ಲಿ?"

"ಹಲ್ಲಲ್ಲಿ ದಾರ ಕಚ್ಚಿಕೊಂಡಿದ್ದೆ ಸಾರ್."

ನಗು ಬಂದದ್ದನ್ನು ಕೆಮ್ಮಿ ಮುಚ್ಚಿಕೊಂಡರು. ಆಮೇಲೆ, ಆ ಹೆಸರು ಬರೆದುಕೊಡದಿದ್ದರೆ ಜುಲೈಯಿಂದ ಬರುವುದು ಬೇಡ ಎಂದರು. ಇನ್ನೊಂದು ತುಂಡನ್ನು ಅವರ ಡಾಕ್ಟರ ಹತ್ತಿರ ಕೂಡಲೇ ತೆಗೆಸಬೇಕಂತೆ. ಅದು ಒಳಗಿರಬೇಕಾದಷ್ಟು ದಿನ ಇರುತ್ತದೆ, ಇಟ್ಟ ಕೈಯೇ ತೆಗೆಯುತ್ತದೆ ಎಂದು ಹೇಳಿ ಎದ್ದು ಬಂದೆ. ಜುಲೈಯಲ್ಲಿ ವರದಿ ಹಿಡಿದು ಅವರ ಬಾಗಿಲಲ್ಲೇ ನಿಲ್ಲುತ್ತೇನೆ. ಓದದೆ ಎಷ್ಟು ದಿನ ಇರುತ್ತಾರೆ ನೋಡೋಣ.

ಮನೆಯಲ್ಲಿ ಅಪ್ಪ ಈರುಳ್ಳಿ ಮಂಡಿಗೆ ಬರುವ ಕೇರಳದ ಲಾರಿಯವರಿಗೆಲ್ಲ ಹೇಳಿಕೊಂಡು ನಗುತ್ತಾರೆ: "ನಿಮ್ ಟೈರಿಗೆ ಮೊಳೆ ಒಕ್ಕುದ್ರೆ ಪಂಚರ್ ಹಾಕುಸ್ತೀರಿ. ನನ್ ಮಗಳು ದುಡ್ಡು ಖರ್ಚು ಮಾಡ್ಕೊಂಡು ಮೊಳೆ ಹೊಡುಸ್ಕೊಂಡವ್ಳೆ!" ಅಮ್ಮನದು ಒಂದೇ ರಾಗ. "ಮೈಗೆ ಒಗ್ಗದ್ದ ಯಾಕಮ್ಮಿ ಒಳಗೆ ಮಡಿಕೊಂಡಿದ್ದೀಯೆ?" ಅಮ್ಮಾ, ಹಿತ್ತಾಳೆ ಮೂಗುಬೊಟ್ಟು ಹಾಕಿದಾಗ ನಿನಗೆ ಕೀವಾಯಿತಲ್ಲ, ಚಿನ್ನದ್ದು ಹೇಗೆ ಕೂತಿತು, ಮೂಗು ಅದೇ ತಾನೇ ಎಂದು ಕೇಳಿದೆ. "ಹಂಗಾದ್ರೆ ಚಿನ್ನದಲ್ಲೇ ಮಾಡ್ಸು, ನಿಮ್ಮಪ್ಪ ಕೊಡುಸ್ತಾರೆ" ಎಂದಳು.

ತಿಂಗಳ ಕೊನೆಯ ಭಾನುವಾರ ನಿನಗೆ ರಜೆಯಲ್ಲವೇ? ಆ ಇನ್ನೊಂದು ತುಂಡು ತೆಗೆಯಲು ಬೆಳಗಿನ ಬಸ್ಸಿಗೆ ಬಾ. ನಿನ್ನ ಕೈ ಸದಾ ಚೆನ್ನಾಗಿರಲಿ. ಅದು ಹಾಕಿದ ಹೊಲಿಗೆಯ ಗುರುತನ್ನು ನಾನೇ ಹುಡುಕಬೇಕಾಗಿದೆ.

ನಿನ್ನ,
ಕಾವ್ಯಶ್ರೀ

ತಾ.ಕ.: ನಿನ್ನ ಕಾಗದದ ಕೊನೆಯಲ್ಲಿ "ಅವತ್ತು ನಿಮ್ಮಮ್ಮನ ಕಾಫಿ ಚೆನ್ನಾಗಿತ್ತು ಅಂತ ಹೇಳು" ಎಂದಿತ್ತು. ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅದೇ ಸಂಜೆ ಹಿತ್ತಿಲ ಗೂಡಿನಲ್ಲಿ ಬೋರಲು ಹಾಕಿದ್ದ ಲೋಟ ತೆಗೆದುಕೊಂಡು ನೀರು ಕುಡಿಯಹೋದೆ. "ಅದ್ರಲ್ಲಿ ಬ್ಯಾಡ ಕಣಮ್ಮಿ! ಆ ನರ್ಸಮ್ಮ ಕುಡ್ದಿದ್ದು ಅದು, ಅದ್ಕೇ ಆಚೆ ಮಡಗಿವ್ನಿ" ಎಂದು ಅಮ್ಮ ಓಡಿಬಂದಳು.

ತಂತಿ ತೆಗೆದ ದಿನ ತಲೆಸುತ್ತೆಂದು ನಾನು ಒಳಗೆ ಮಲಗಿದ್ದಾಗ ನೀನು ಹಿತ್ತಿಲಲ್ಲಿ ನಿಂತು ಕುಡಿದು, ತೊಳೆದು, ಬೋರಲು ಹಾಕಿ ಹೋಗಿದ್ದೀಯ. ಮಗಳ ತೋಳು ಕೊಯ್ಯಲು ನಡುಮನೆಗೆ ಬಿಟ್ಟುಕೊಂಡವಳು, ಕಾಫಿಗೆ ಹಿತ್ತಿಲಿಗೆ ಕಳಿಸಿದ್ದಾಳೆ. ನೀನೇಕೆ ಹೇಳಲಿಲ್ಲ ಎಂದು ಕೇಳುವುದಿಲ್ಲ.

ನಮ್ಮ ಮನೆಯ ಪಾತ್ರೆಗಳಿಗೆಲ್ಲ ಅಪ್ಪನ ಹೆಸರು ಹಾಕಿಸಿದೆ, ಅದೊಂದಕ್ಕೆ ಇರಲಿಲ್ಲ. ಮರುದಿನವೇ ಪಾತ್ರೆ ಅಂಗಡಿಗೆ ಒಯ್ದು "ಕಾವ್ಯಶ್ರೀ" ಎಂದು ಕೆತ್ತಿಸಿಕೊಂಡು ಬಂದೆ. ಅಡುಗೆಮನೆಯ ಹಲಗೆಯ ಮೇಲೆ ಎಲ್ಲದರ ನಡುವೆ ಇಟ್ಟಿದ್ದೇನೆ. ಅಮ್ಮ ಹೆಸರನ್ನು ಗೋಡೆಯ ಕಡೆ ತಿರುಗಿಸುತ್ತಾಳೆ, ನಾನು ಈಚೆ ತಿರುಗಿಸುತ್ತೇನೆ. ಎರಡು ವಾರದಿಂದ ಇದೇ ನಡೆದಿದೆ.

ಮುಂಬಾಗಿಲಿಂದ ಬಾ. ಆ ಲೋಟ ಕೇಳಬೇಡ, ಕೊಡುವುದಿಲ್ಲ. ಅದು ನನ್ನದು. ನೀನು ಅಪ್ಪನ ಹೆಸರಿನದರಲ್ಲೇ ಕುಡಿಯಬೇಕು.